ಗ್ಯಾದರಿಂಗಿನ ಹಲಗಿ, ಗ್ಯಾದರಿಂಗಿನ ಟೇಪು

ನನಗೆ ಮೊದಲ ನೌಕರಿ ಸಿಕ್ಕಿದ್ದು 1981ರಲ್ಲಿ, ಸುರಪುರ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ಆಗ ಅದು ಗುಲಬರ್ಗಾ ಜಿಲ್ಲೆ, ಈಗ ಯಾದಗಿರಿ. ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲಿ ಟಿ.ಸಿ.ಎಚ್. ಮುಗಿಸಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಭಿನಯ ಗೀತೆಗಳನ್ನು ಬರೆದುಕೊಂಡ ಇನ್ನೂರು ಪುಟದ ನೋಟ್‌ಬುಕ್ಕು, ಇಷ್ಟನ್ನು ಹಿಡಿದುಕೊಂಡು ಅಲ್ಲಿ ಇಳಿದೆ. ನಮ್ಮ ಕಡೆ ‘ಸ್ಕೂಲ್ ಡೇ’ ಅನ್ನುವುದಕ್ಕೆ ಅಲ್ಲಿ ‘ಗ್ಯಾದರಿಂಗ್’ ಅನ್ನುತ್ತಾರೆ ಎಂದು ತಿಳಿದದ್ದು ಸಂಕ್ರಾಂತಿ ಹತ್ತಿರ ಬಂದಾಗ. ಹೆಡ್‌ಮಾಸ್ತರರು ಕರೆದು, “ಅಕ್ಕಾರ, ಹುಡುಗ್ಯಾರಿಗೆ ಒಂದ್ ಡ್ಯಾನ್ಸ್ ಕಲಸ್ರಿ. ಊರ ಮಂದಿ ಎಲ್ಲಾ ಬರ್ತಾರ” ಅಂದರು.

ಶಾಲೆಯಲ್ಲಿ ಹಾರ್ಮೋನಿಯಂ ಇರಲಿಲ್ಲ. ರೇಡಿಯೊ ಇತ್ತು, ಸೆಲ್ ಇರಲಿಲ್ಲ. ನಾನು ಬಾಯಲ್ಲಿ ಹಾಡಿ, ಕೈಯಲ್ಲಿ ತಾಳ ಹಾಕಿ ಕೋಲಾಟ ಕಲಿಸಲು ಶುರುಮಾಡಿದೆ. ಮೂರನೇ ದಿನವೇ ಗಂಟಲು ಹೋಯಿತು. ಆಗ ಐದನೇ ತರಗತಿಯ ಒಬ್ಬ ಹುಡುಗಿ, “ನಮ್ಮಪ್ಪ ಹಲಗಿ ಬಾರಸ್ತಾನ್ರಿ, ಕರೀಲ್ಯಾ?” ಎಂದಳು. ಮರುದಿನ ಸಂಜೆ ಅವರು ಬಂದರು. ಶಾಲೆಯ ಬಯಲಲ್ಲಿ ಒಂದಿಷ್ಟು ಹುಲ್ಲು ಹೊತ್ತಿಸಿ, ಹಲಗಿಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡರು. ಒಂದು ಕೈಯಲ್ಲಿ ಗುಂಡಗಿನ ಕೋಲು, ಇನ್ನೊಂದು ಕೈಯಲ್ಲಿ ಸಣ್ಣ ಚಬಕದಂಥ ಕಡ್ಡಿ. ಮೊದಲ ಪೆಟ್ಟು ಬಿದ್ದಾಗಲೇ ಮಕ್ಕಳ ಕಾಲು ತಾವಾಗಿ ಎದ್ದವು. ಅವರು ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ಬೆಳೆದ ಮಕ್ಕಳು. ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲದ ಎಷ್ಟೋ ಹೆಜ್ಜೆಗಳು ಅವರ ಕಾಲಲ್ಲಿದ್ದವು. ಆ ವರ್ಷ ಅವರಿಂದ ನಾನು ಕಲಿತದ್ದೇ ಹೆಚ್ಚು.

ಹಲಗಿಯನ್ನು ಶಾಲೆಯ ವೇದಿಕೆಗೆ ತರಬಾರದು ಎಂದು ಊರಿನ ಕೆಲವರು ತಕರಾರು ತೆಗೆದರು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬಾರಿಸುವವರು ಯಾವ ಕೇರಿಯವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಹೆಡ್‌ಮಾಸ್ತರರು ಬಗ್ಗಲಿಲ್ಲ. ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಆ ಹಿರಿಯರು ವೇದಿಕೆಯ ಎಡಮೂಲೆಯಲ್ಲಿ ನಿಂತು ಬಾರಿಸಿದರು. ಕುಣಿತದ ನಡುವೆ ಎರಡನೇ ತರಗತಿಯ ಒಂದು ಕೂಸಿನ ಕೋಲು ಜಾರಿ ವೇದಿಕೆಯಿಂದ ಕೆಳಗೆ ಬಿತ್ತು. ನನ್ನ ಎದೆ ಧಸಕ್ಕೆಂದಿತು. ಕಾಕಾ ಮುಂದಿನ ಮಟ್ಟಿಗೆ ಹೋಗಲೇ ಇಲ್ಲ. ಅದೇ ಸುತ್ತನ್ನು ಮತ್ತೆ ಬಾರಿಸಿದರು, ಇನ್ನೊಮ್ಮೆ ಬಾರಿಸಿದರು. ಉಳಿದ ಮಕ್ಕಳು ಅದೇ ಹೆಜ್ಜೆಯಲ್ಲೇ ಸುತ್ತಿದರು. ಕೂಸು ಇಳಿದು, ಕೋಲು ಎತ್ತಿಕೊಂಡು, ಹತ್ತಿ, ತನ್ನ ಜಾಗಕ್ಕೆ ಬಂದು ಸೇರಿದ ಮೇಲೆ ಒಂದು ಬಿರುಸು ಪೆಟ್ಟು ಕೊಟ್ಟು ಮುಂದಕ್ಕೆ ನಡೆದರು. ನೋಡುತ್ತಿದ್ದವರಿಗೆ ಅದು ತಪ್ಪು ಎಂದು ಗೊತ್ತೇ ಆಗಲಿಲ್ಲ. ಆಮೇಲೆ ಕೇಳಿದರೆ, “ಕೂಸಿನ ಕೋಲು ಬಿದ್ದಿತ್ತಲ್ರಿ ಅಕ್ಕಾರ. ಅದು ಬರೂತನಾ ನಿಲ್ಲಬೇಕಲ್ಲ” ಅಂದರು.

ಮೂವತ್ತೇಳು ವರ್ಷ ಮೇಷ್ಟ್ರಗಿರಿ ಮಾಡಿ ನಿವೃತ್ತಳಾದ ಮೇಲೆ, ಶಾಲೆಯ ಕುಣಿತಕ್ಕೂ ಯಂತ್ರಗಳಿಗೂ ನಮ್ಮ ನಾಡಿನಲ್ಲಿ ನಂಟು ಬೆಳೆದದ್ದು ಹೇಗೆ ಎಂದು ಹಿಂತಿರುಗಿ ನೋಡುವಾಗಲೆಲ್ಲ ನನಗೆ ಆ ಕೋಲು ನೆನಪಾಗುತ್ತದೆ.

ಕುಣಿತ ನಮ್ಮ ಶಾಲೆಗಳಿಗೆ ಮುಂಬಾಗಿಲಿನಿಂದ ಬಂದದ್ದಲ್ಲ. ಮೈಸೂರಿನಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರು 1881ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಶಾಲೆ ಮುಂದೆ ಮಹಾರಾಣಿಯವರ ಶಾಲೆಯಾಯಿತು. ಅಲ್ಲಿ ಸಂಗೀತಕ್ಕೆ ಜಾಗವಿತ್ತು. ನಾಟ್ಯವನ್ನು ಪಾಠವಾಗಿಸುವ ಮಾತನ್ನು ಆ ಕಾಲದ ಮರ್ಯಾದಸ್ಥ ಮನೆಗಳು ಕೇಳಿಸಿಕೊಳ್ಳುವ ಹಾಗಿರಲಿಲ್ಲ. ನಾಟ್ಯವೆಂದರೆ ಗುಡಿಯ ಸೂಳೆಯರ ವಿದ್ಯೆ ಎಂದೇ ಜನ ತಿಳಿದಿದ್ದರು. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಪದ್ಧತಿ ನಿಂತದ್ದು ಒಳ್ಳೆಯದೇ. ಆದರೆ ವಿದ್ಯೆ ಬಲ್ಲವರ ಗತಿ ಏನಾಯಿತು ಎಂದು ಕೇಳಿದವರು ಕಡಿಮೆ. ಅರಮನೆಯ ಆಸರೆಯಲ್ಲಿ ಜಟ್ಟಿ ತಾಯಮ್ಮನವರಂಥ ಕೆಲವರು ಅಭಿನಯವನ್ನು ಉಳಿಸಿಕೊಂಡರು. ಅವರ ಶಿಷ್ಯೆ ವೆಂಕಟಲಕ್ಷಮ್ಮ ಕಡೂರು ಸೀಮೆಯ ತಂಗಲಿ ತಾಂಡ್ಯದಲ್ಲಿ 1906ರಲ್ಲಿ ಹುಟ್ಟಿದ ಲಂಬಾಣಿ ಹುಡುಗಿ. ಆಕೆ ಅರಮನೆಯ ಕಲಾವಿದೆಯಾದರು. ಮೈಸೂರು ವಿಶ್ವವಿದ್ಯಾನಿಲಯ 1965ರಲ್ಲಿ ನೃತ್ಯ ವಿಭಾಗ ತೆರೆದಾಗ ಅಲ್ಲಿ ರೀಡರ್ ಆಗಿ ಪಾಠ ಹೇಳಿದರು. ಬೆಂಗಳೂರಿನಲ್ಲಿ ಯು.ಎಸ್. ಕೃಷ್ಣರಾವ್ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದುಕೊಂಡೇ, ಹೆಂಡತಿ ಚಂದ್ರಭಾಗಾದೇವಿಯವರ ಜೊತೆ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು ಬಂದು ಭರತನಾಟ್ಯವನ್ನು ಸಭ್ಯರ ಮನೆಗಳಿಗೆ ತಲುಪಿಸಿದರು. ಒಬ್ಬ ಕಾಲೇಜು ಮೇಷ್ಟ್ರು ಗೆಜ್ಜೆ ಕಟ್ಟಿದ್ದನ್ನು ನೋಡಿದ ಮೇಲೆ ಎಷ್ಟೋ ತಂದೆತಾಯಂದಿರು ಮಗಳಿಗೂ ಗೆಜ್ಜೆ ಕೊಡಿಸಿರಬೇಕು.

ಇದೆಲ್ಲ ಪಟ್ಟಣದ ಮಾತು. ಹಳ್ಳಿಯ ಸರ್ಕಾರಿ ಶಾಲೆಗೆ ಕುಣಿತ ಬಂದದ್ದು ಬೇರೆ ಹೆಸರುಗಳಲ್ಲಿ. ವ್ಯಾಯಾಮದ ಮೇಷ್ಟ್ರ ಕೈಯಲ್ಲಿ ಅದು ಲೇಜಿಮ್ ಆಯಿತು, ಡ್ರಿಲ್ ಆಯಿತು. ಹಬ್ಬದ ನೆಪದಲ್ಲಿ ಕೋಲಾಟ ಆಯಿತು. ಕನ್ನಡ ಪಾಠದ ಒಳಗೆ ಅಭಿನಯ ಗೀತೆ ಆಯಿತು. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಪಂಜೆ ಮಂಗೇಶರಾಯರ ಹಾವಿನ ಪದ್ಯವನ್ನು ಸುಮ್ಮನೆ ಕೂತು ಓದಿಸುವುದು ಯಾವ ಟೀಚರಿಗೂ ಆಗದ ಕೆಲಸ. ಮಕ್ಕಳ ಕೈ ಹೆಡೆಯಾಗಿಯೇ ತೀರುತ್ತದೆ. ಹೆಸರು ಬದಲಾದ ಕಾರಣಕ್ಕೇ ಕುಣಿತ ಶಾಲೆಯೊಳಗೆ ಉಳಿಯಿತು. ಈ ಎಲ್ಲ ರೂಪಗಳಲ್ಲೂ ತಾಳ ಹಿಡಿಯುವವರು ಎದುರಿಗೇ ಇರುತ್ತಿದ್ದರು. ಡ್ರಿಲ್ ಮೇಷ್ಟ್ರ ಸೀಟಿ, ಡ್ರಮ್ಮು, ಟೀಚರ ಬಾಯಿ, ಯಾವುದೇ ಆಗಲಿ, ಅದರ ಹಿಂದೆ ಮಕ್ಕಳನ್ನು ನೋಡುತ್ತಿರುವ ಎರಡು ಕಣ್ಣುಗಳಿದ್ದವು.

ಮೊದಲು ಬಂದ ಯಂತ್ರ ಗ್ರಾಮೊಫೋನು. ನನ್ನಮ್ಮ 1950ರ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ಮಿಡ್ಲ್ ಸ್ಕೂಲ್ ಓದಿದವರು. ಶಾಲೆಯ ವಾರ್ಷಿಕೋತ್ಸವಕ್ಕೆ ಅಡಿಕೆ ಮಂಡಿಯ ಸಾಹುಕಾರರ ಮನೆಯಿಂದ ಗ್ರಾಮೊಫೋನನ್ನು ಎತ್ತಿನಗಾಡಿಯಲ್ಲಿ, ಹುಲ್ಲಿನ ಮೇಲೆ ಕಂಬಳಿ ಹಾಸಿ, ಕೂಸನ್ನು ತರುವ ಹಾಗೆ ತರುತ್ತಿದ್ದರಂತೆ. ಕೀಲಿ ತಿರುಗಿಸಲು ಒಬ್ಬ ದೊಡ್ಡ ಹುಡುಗ. ಅವನು ಮೈಮರೆತರೆ ಸ್ಪ್ರಿಂಗು ಸಡಿಲವಾಗಿ ಹಾಡು ಎಳೆದುಕೊಂಡು ಗಡಸಾಗುತ್ತಿತ್ತು; ಕುಣಿಯುವ ಹುಡುಗಿಯರ ಕಾಲೂ ಅದರ ಜೊತೆ ನಿಧಾನವಾಗುತ್ತಿತ್ತು. ಹತ್ತು ಇಂಚಿನ ಆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಶಾಲೆಯ ‘ಡ್ಯಾನ್ಸ್’ ಅಂದರೆ ಮೂರು ನಾಲ್ಕು ನಿಮಿಷ ಎಂಬ ಲೆಕ್ಕ ನಮಗೆ ಆ ತಟ್ಟೆಯಿಂದಲೇ ಬಂದದ್ದು ಎಂದು ನನ್ನ ಗಟ್ಟಿ ನಂಬಿಕೆ. ಕೋಲಾಟಕ್ಕೆ ಅಂಥ ಗಡಿ ಇಲ್ಲ. ಸುತ್ತು ಮುಗಿದಾಗ ಅದು ಮುಗಿಯುತ್ತದೆ.

ದೂರದಿಂದ ಹಾಡು ಕಳಿಸಿ ಮಕ್ಕಳನ್ನು ಕುಣಿಸುವ ಯೋಚನೆಯೂ ಹಳೆಯದೇ. ಇಂಗ್ಲೆಂಡಿನಲ್ಲಿ ಆ್ಯನ್ ಡ್ರೈವರ್ ಎಂಬಾಕೆ 1934ರಿಂದ ಬಿಬಿಸಿ ರೇಡಿಯೊದಲ್ಲಿ ಶಾಲಾ ಮಕ್ಕಳಿಗಾಗಿ ಸಂಗೀತ ಮತ್ತು ಚಲನೆಯ ಪಾಠ ನಡೆಸಿದರು. ಮಕ್ಕಳು ಶಾಲೆಯ ಹಾಲಿನಲ್ಲಿ ನಿಂತು, ರೇಡಿಯೊದ ಪಿಯಾನೊ ಕೇಳುತ್ತಾ ಕೈಕಾಲು ಆಡಿಸುತ್ತಿದ್ದರು. ಅದರ ಮರುವರ್ಷವೇ ನಮ್ಮ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರುಮಾಡಿದ್ದರು. ಧಾರವಾಡದ ನಿಲಯ ಬಂದದ್ದು 1950ರಲ್ಲಿ. ನಮ್ಮ ಶಾಲೆಯ ರೇಡಿಯೊದಲ್ಲಿ ಮಕ್ಕಳ ಕಾರ್ಯಕ್ರಮ ಬಂದಾಗ, ಸೆಲ್ ಇದ್ದ ದಿನಗಳಲ್ಲಿ, ನಾನೂ ಮಕ್ಕಳನ್ನು ಸುತ್ತ ನಿಲ್ಲಿಸಿದ್ದುಂಟು. ಹಾಡು ಕಲಿತರು, ಕುಣಿತ ಕೂಡಲಿಲ್ಲ.

ನಾನು ಸೇರಿದ ಶಾಲೆಗೆ ಆ ವೇಳೆಗಾಗಲೇ ಆಕಾಶದಿಂದ ಒಂದು ಪಾಠ ಬಂದು ಹೋಗಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸಿತು. ಕರ್ನಾಟಕದಲ್ಲಿ ಆ ಭಾಗ್ಯ ಬಂದದ್ದು ಬೆಂಗಳೂರು, ಮೈಸೂರಿಗಲ್ಲ. ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ನಮ್ಮದೂ ಅದರಲ್ಲಿ ಒಂದು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯ ಹತ್ತಡಿ ಛತ್ರಿ, ಶಾಲೆಯ ಕೋಣೆಯಲ್ಲಿ ಒಂದು ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಹೊತ್ತಿನಲ್ಲಿ ಐದರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಪ್ರಸಾರ. ನಾಲ್ಕು ಭಾಷೆಗಳಲ್ಲಿ ಕನ್ನಡದ ಪಾಲಿಗೆ ಸುಮಾರು 22 ನಿಮಿಷ.

ಹೆಡ್‌ಮಾಸ್ತರರು ಆ ವರ್ಷದ ಕತೆ ಹೇಳಲು ಕೂತರೆ ಊಟದ ಬುತ್ತಿ ತಣ್ಣಗಾಗುತ್ತಿತ್ತು. ಸುತ್ತಲಿನ ಊರುಗಳಿಂದ ಮಕ್ಕಳು ಬಂದು ಕಿಟಕಿಗೆ ಜೋತು ಬೀಳುತ್ತಿದ್ದರಂತೆ. ಪರದೆಯ ಮೇಲೆ ಕುಣಿತ ಬಂದರೆ ಮುಂದಿನ ಸಾಲಿನವರು ಎದ್ದು ನಿಲ್ಲುತ್ತಿದ್ದರು, ಹಿಂದಿನವರು ‘ಕುಂಡ್ರೋ’ ಎಂದು ಕೂಗುತ್ತಿದ್ದರು, ಅಷ್ಟರಲ್ಲಿ ಕುಣಿತ ಮುಗಿದು ಬೇರೇನೋ ಬಂದಿರುತ್ತಿತ್ತು. “ಇನ್ನೊಮ್ಮೆ ತೋರಸ್ರಿ ಮಾಸ್ತರ ಅಂತ ಹುಡುಗರು ನನ್ನ ಅಂಗಿ ಜಗ್ಗೋವು. ನಾ ಯಾರಿಗೆ ಹೇಳ್ಲಿ, ಮ್ಯಾಲಿನಾಂವಗ?” ಎಂದು ಅವರು ಆಕಾಶಕ್ಕೆ ಕೈ ತೋರಿಸುತ್ತಿದ್ದರು. ಪ್ರಯೋಗ ಒಂದೇ ವರ್ಷದ್ದು. ಆಮೇಲೆ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ನಮ್ಮ ಹಳ್ಳಿಯ ಪೆಟ್ಟಿಗೆ ಮಾತ್ರ ನಾನು ಹೋಗುವ ವೇಳೆಗೆ ಇರಲಿಲ್ಲ. ಛತ್ರಿಯ ಬಲೆ ಯಾರದೋ ಹಿತ್ತಲಲ್ಲಿ ಬದನೆ ಗಿಡಗಳಿಗೆ ಬೇಲಿಯಾಗಿತ್ತು. ಆದರೂ ಅದನ್ನು ಸೋಲು ಎಂದು ನಾನು ಎಣಿಸುವುದಿಲ್ಲ. ವಿದ್ಯುತ್ ದೀಪವನ್ನೇ ಅಪರೂಪಕ್ಕೆ ಕಂಡಿದ್ದ ಮಕ್ಕಳು ಬೇರೆ ಊರಿನ ಮಕ್ಕಳು ಕುಣಿಯುವುದನ್ನು ಕಂಡರು. ದೊಡ್ಡ ಪಟ್ಟಣಗಳನ್ನು ಬಿಟ್ಟು ಮೊದಲು ಅವರಿಗೆ ತೋರಿಸಬೇಕು ಎಂದು ಯಾರೋ ತೀರ್ಮಾನಿಸಿದ್ದರು. ಅಂಥ ತೀರ್ಮಾನವನ್ನು ಆಮೇಲೆ ನಾನು ಹೆಚ್ಚು ನೋಡಲಿಲ್ಲ.

ನಮ್ಮ ಶಾಲೆಗೆ ಟೇಪ್ ರೆಕಾರ್ಡರ್ ಬಂದದ್ದು 1986ರಲ್ಲಿ. ಬೊಂಬಾಯಿಗೆ ದುಡಿಯಲು ಹೋಗಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತಂದು ಕೊಟ್ಟ ಟೂ-ಇನ್-ವನ್. ಆ ದಿನ ನಾವು ಪಟ್ಟ ಸಂತೋಷ ಸುಳ್ಳಲ್ಲ. ಹಾಡುವವರಿಲ್ಲದ, ವಾದ್ಯವಿಲ್ಲದ ಶಾಲೆಗೆ ಇದ್ದಕ್ಕಿದ್ದಂತೆ ಕೊಳಲು, ತಬಲ, ಪಿಟೀಲು ಎಲ್ಲ ಬಂದವು. ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲೇ ಕ್ಯಾಸೆಟ್ಟಾಗಿ ಬಂದಿತ್ತು, ಸಿ. ಅಶ್ವತ್ಥರು ಹಾಡಿದ ಶರೀಫರ ಪದಗಳು ಬಂದವು. ಜೋಗವನ್ನು ನೋಡದ ನನ್ನ ಬಯಲುಸೀಮೆಯ ಮಕ್ಕಳು ‘ನಿತ್ಯೋತ್ಸವ’ದ ಜೋಗದ ಹಾಡಿಗೆ ಕೈಯನ್ನು ಧಾರೆಯಂತೆ ಇಳಿಸಿ ಕುಣಿದಾಗ ನನಗೆ ಊರು ನೆನಪಾಗಿ ಕಣ್ಣು ತುಂಬಿತು. ನಮ್ಮ ಭಾವಗೀತೆಗಳನ್ನು ಹಳ್ಳಿ ಮಕ್ಕಳ ಮೈಗೆ ಇಳಿಸಿದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಈ ಕ್ಯಾಸೆಟ್ಟು.

ಅದಕ್ಕೊಂದು ಹೊಸ ಕಸುಬೇ ಹುಟ್ಟಿಕೊಂಡಿತು. ಹಾಡು ಶುರುವಾಗುವ ಜಾಗಕ್ಕೆ ಸರಿಯಾಗಿ ಟೇಪನ್ನು ತಂದು ನಿಲ್ಲಿಸಬೇಕು. ಸೆಲ್ ಉಳಿಸಲು ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಬೇಕು. ಒಂದೇ ಹಾಡನ್ನು ಆರು ವಾರ ಹಾಕಿ ಹಾಕಿ ಟೇಪು ಹಿಗ್ಗಿದರೆ ಅಭ್ಯಾಸದ ಲಯವೇ ಬೇರೆ, ವೇದಿಕೆಯ ಲಯವೇ ಬೇರೆ ಆಗುತ್ತಿತ್ತು. ಗ್ಯಾದರಿಂಗಿನ ದಿನ ಮೈಕ್ ಸೆಟ್ಟಿನವರು ತಮ್ಮ ಡೆಕ್ಕು, ಅಹುಜಾ ಆಂಪ್ಲಿಫೈಯರು, ಎರಡು ಹಾರ್ನ್ ತಂದು ಬೇವಿನ ಮರಕ್ಕೆ ಕಟ್ಟುತ್ತಿದ್ದರು. ಕ್ಯಾಸೆಟ್ಟುಗಳ ಮೇಲೆ ನಾನು ಬಿಳಿ ಚೀಟಿ ಅಂಟಿಸಿ, ಎಷ್ಟನೇ ಡ್ಯಾನ್ಸು, ಎ ಬದಿಯೋ ಬಿ ಬದಿಯೋ ಎಂದು ಬರೆದು ಕೊಡುತ್ತಿದ್ದೆ.

1987ರ ಗ್ಯಾದರಿಂಗಿನಲ್ಲಿ ನಾಲ್ಕನೇ ತರಗತಿಯ ಹುಡುಗನ ರುಮಾಲು ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು. ಅವನು ಬಗ್ಗಿ ಬಿಡಿಸಿಕೊಳ್ಳುವಷ್ಟರಲ್ಲಿ ಹಾಡು ಪಲ್ಲವಿ ದಾಟಿ ಚರಣಕ್ಕೆ ಹೋಗಿತ್ತು. ಅವನಿಗೆ ಡಿಕ್ಕಿ ಹೊಡೆಯಬಾರದೆಂದು ಇಬ್ಬರು ನಿಂತರು, ನಿಂತವರನ್ನು ನೋಡಿ ಮತ್ತಿಬ್ಬರು ಹೆಜ್ಜೆ ಮರೆತರು. ಹಾರ್ನಿನಲ್ಲಿ ಹಾಡು ತನ್ನ ಪಾಡಿಗೆ ಹೋಗುತ್ತಿತ್ತು. ಮಂದಿ ನಕ್ಕರು. ಆ ಹುಡುಗ ಅಳುತ್ತಾ ಒಳಗೆ ಓಡಿದ, ಮತ್ತೆ ಯಾವ ವರ್ಷವೂ ವೇದಿಕೆ ಹತ್ತಲಿಲ್ಲ. ನಾನು ವೇದಿಕೆಯ ಎಡಮೂಲೆಯ ಕಡೆ ನೋಡಿದೆ. ಕಾಕಾ ನಿಲ್ಲುತ್ತಿದ್ದ ಜಾಗದಲ್ಲಿ ಡೆಕ್ಕಿನ ಮೇಜು ಇತ್ತು. ಆ ವರ್ಷ ನಾವು ಅವರನ್ನು ಕರೆದಿರಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ. ಬೇಕೆಂದು ನನಗೂ ತೋಚಿರಲಿಲ್ಲ. ಐದು ವರ್ಷದ ಹಿಂದೆ ತಕರಾರು ತೆಗೆದವರಿಂದ ಆಗದೆ ಹೋದದ್ದು ಒಂದು ಪೆಟ್ಟಿಗೆಯಿಂದ ಸದ್ದಿಲ್ಲದೆ ಆಗಿತ್ತು. ಅವರು ಸಭಿಕರ ನಡುವೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತು ನೋಡುತ್ತಿದ್ದರು.

1990ರಲ್ಲಿ ವರ್ಗವಾಗಿ ಶಿವಮೊಗ್ಗ ಜಿಲ್ಲೆಗೆ ಬಂದೆ. ಮುಂದಿನ ಕಾಲವನ್ನು ನನ್ನ ಓರಗೆಯವರೆಲ್ಲ ಬಲ್ಲರು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ನಲಿ-ಕಲಿ ಶುರುವಾಗಿ, ಹಾಡುತ್ತ ಕುಣಿಯುತ್ತ ಕಲಿಯುವುದು ಸರ್ಕಾರಿ ಪದ್ಧತಿಯೇ ಆಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕೆಂದಿತು. ಪ್ರತಿಭಾ ಕಾರಂಜಿ ಬಂತು. ಕ್ಲಸ್ಟರಿನಿಂದ ರಾಜ್ಯದವರೆಗೆ ಮಕ್ಕಳು ಸ್ಪರ್ಧೆಗೆ ಹೋದರು. ಕಾಗದದ ಮೇಲೆ ಕುಣಿತಕ್ಕೆ ಇಷ್ಟು ಮರ್ಯಾದೆ ಹಿಂದೆಂದೂ ಇರಲಿಲ್ಲ. ಆದರೆ ನೃತ್ಯ ಕಲಿಸಲೆಂದೇ ನೇಮಕವಾದ ಒಬ್ಬ ಶಿಕ್ಷಕಿಯನ್ನು ನನ್ನ ಇಡೀ ಸೇವೆಯಲ್ಲಿ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲೂ ಕಾಣಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಮೊದಲು ಸಿ.ಡಿ., ಆಮೇಲೆ ಪೆನ್ ಡ್ರೈವ್, ಕೊನೆಗೆ ಮೊಬೈಲು.

ಮೊಬೈಲಿನ ಬಗ್ಗೆ ನಾನು ಕಣ್ಣು ಮುಚ್ಚಿ ಬೈಯುವವಳಲ್ಲ. ಎಂಟನೇ ತರಗತಿಯ ಹುಡುಗಿಯೊಬ್ಬಳು ತಾನು ಕುಣಿದದ್ದನ್ನು ಮೊದಲ ಸಲ ಪರದೆಯ ಮೇಲೆ ನೋಡಿ, “ನನ್ನ ಬೆನ್ನು ಇಷ್ಟು ಬಗ್ಗುತ್ತಾ ಮಿಸ್?” ಎಂದು ಕೇಳಿ, ಮರುದಿನವೇ ನೆಟ್ಟಗೆ ನಿಂತಳು. ನಾನು ಒಂದು ತಿಂಗಳು ಹೇಳಿ ಆಗದ್ದು ಒಂದು ನಿಮಿಷದ ವಿಡಿಯೊದಿಂದ ಆಯಿತು. ಕಷ್ಟದ ಹೆಜ್ಜೆಯನ್ನು ಅರ್ಧ ವೇಗದಲ್ಲಿ ನೋಡುವ ಅನುಕೂಲ ನಮಗೆ ಯಾವ ಕಾಲದಲ್ಲೂ ಇರಲಿಲ್ಲ. ತೊಡಕು ಇರುವುದು ಬೇರೆ ಕಡೆ. ಎದುರು ನಿಂತು ಕಲಿಸುವಾಗ ನಾನು ಎಡಗೈ ಎತ್ತಿ ‘ಬಲಗೈ’ ಎನ್ನುತ್ತಿದ್ದೆ, ಮಕ್ಕಳಿಗೆ ಕನ್ನಡಿಯಾಗುತ್ತಿದ್ದೆ. ವಿಡಿಯೊದಲ್ಲಿ ಕುಣಿಯುವವರು ತಮ್ಮ ಬಲಗೈಯನ್ನೇ ಎತ್ತುತ್ತಾರೆ. ಕೆಲವು ಮಕ್ಕಳು ಯೋಚಿಸಿ ಬಲಕ್ಕೆ ತಿರುಗುತ್ತಾರೆ, ಕೆಲವರು ಕಂಡಂತೆ ಎಡಕ್ಕೆ ತಿರುಗುತ್ತಾರೆ, ವೇದಿಕೆಯ ನಡುವೆ ಮುಖಕ್ಕೆ ಮುಖ ತಾಗುತ್ತದೆ. ಇದನ್ನು ತಿದ್ದಲು ಕೊನೆಗೂ ಒಬ್ಬ ಟೀಚರು ಎದುರಿಗೆ ನಿಲ್ಲಲೇಬೇಕು.

ನಾನು ನಿವೃತ್ತಳಾದದ್ದು 2018ರಲ್ಲಿ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ನಮ್ಮ ಬೀದಿಯ ನಾಲ್ಕು ಮಕ್ಕಳಿಗೆ ಮೊಬೈಲಿನಲ್ಲೇ ಕೋಲಾಟ ಕಲಿಸಲು ನೋಡಿದೆ. ಒಬ್ಬೊಬ್ಬರ ಮನೆಗೆ ದನಿ ಒಂದೊಂದು ಗಳಿಗೆ ತಡವಾಗಿ ತಲುಪುತ್ತಿತ್ತು. ನಾನು ‘ಒಂದು’ ಅಂದಾಗ ಒಬ್ಬಳ ಕೋಲು ಬೀಳುತ್ತಿತ್ತು, ‘ಎರಡು’ ಅಂದಾಗ ಇನ್ನೊಬ್ಬಳದು. ಎಲ್ಲರೂ ಕೂಡಿ ಕುಣಿಯುವುದು ಆ ತಂತ್ರದಲ್ಲಿ ಆಗುವ ಮಾತೇ ಅಲ್ಲ. ಎರಡನೇ ವಾರ ಬಿಟ್ಟುಬಿಟ್ಟೆವು. ಬೀದಿ ತೆರೆದ ಮೇಲೆ ಅವರೇ ಕೋಲು ಹಿಡಿದು ನಮ್ಮ ಅಂಗಳಕ್ಕೆ ಬಂದರು.

ಕರಾವಳಿಯಲ್ಲಿ ಮಾತ್ರ ಬೇರೆ ದಾರಿ ಉಳಿದುಕೊಂಡಿದೆ. ಸಾಲಿಗ್ರಾಮದ ಮಕ್ಕಳ ಮೇಳ 1970ರ ದಶಕದಿಂದಲೇ ಚಿಕ್ಕ ಮಕ್ಕಳಿಗೆ ಗೆಜ್ಜೆ ಕಟ್ಟಿಸಿ ಯಕ್ಷಗಾನ ಆಡಿಸಿತು. ಉಡುಪಿಯ ಪ್ರೌಢಶಾಲೆಗಳಲ್ಲಿ ಈಗ ಗುರುಗಳು ಬಂದು ಯಕ್ಷಗಾನ ಕಲಿಸುತ್ತಾರೆ. ಗಡಿಯಾಚೆ ಕಾಸರಗೋಡಿನ ಕನ್ನಡ ಮಕ್ಕಳು ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಆಡುತ್ತಾರೆ. ಆ ಕಲೋತ್ಸವ 1957ರಿಂದ ನಡೆದುಬಂದದ್ದು. ಉಡುಪಿಯಲ್ಲಿ ಒಮ್ಮೆ ಮಕ್ಕಳ ಆಟ ನೋಡಿದೆ. ಒಂಬತ್ತನೇ ತರಗತಿಯ ಹುಡುಗನಿಗೆ ಮಾತು ತಪ್ಪಿತು. ಭಾಗವತರು ಪದದ ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡರು, ಚೆಂಡೆಯವರು ಅದಕ್ಕೆ ಸರಿಯಾಗಿ ಕೈ ಇಳಿಸಿದರು. ಹುಡುಗನಿಗೆ ಮಾತು ನೆನಪಾಯಿತು. ಜೊತೆಗಿದ್ದ ಗೆಳತಿಗೆ ನಾನು ಕಾಕಾನ ಹಲಗಿಯ ಕತೆ ಹೇಳಿದ್ದು ಅವತ್ತೇ.

ಈ ಸಾಲುಗಳನ್ನು ಓದುವವರಲ್ಲಿ ಶಾಲೆಯ ಟೀಚರುಗಳು, ಎಸ್‌ಡಿಎಂಸಿಯವರು ಇದ್ದರೆ ನನ್ನದೊಂದು ಕೋರಿಕೆ. ಟೇಪು, ಮೊಬೈಲು, ಎಲ್‌ಇಡಿ ಪರದೆ ಎಲ್ಲವೂ ಇರಲಿ. ಈ ಸಲದ ಗ್ಯಾದರಿಂಗಿನ ಹತ್ತು ಕುಣಿತಗಳಲ್ಲಿ ಒಂದಕ್ಕಾದರೂ ನಿಮ್ಮ ಊರಿನಲ್ಲೇ ಹಲಗಿ, ಡೊಳ್ಳು, ಚೆಂಡೆ ಬಾರಿಸುವವರನ್ನು ಕರೆಯಿರಿ. ಅಭ್ಯಾಸದ ಮೊದಲ ದಿನದಿಂದಲೇ ಕರೆಯಿರಿ, ಬಸ್ಸಿನ ಖರ್ಚಿನ ಜೊತೆ ಕೂಲಿಯನ್ನೂ ಕೊಡಿ. ವೇದಿಕೆಯ ಮೇಲೆ, ಮಕ್ಕಳ ಕಾಲು ಕಾಣುವ ಕಡೆ, ಅವರನ್ನು ನಿಲ್ಲಿಸಿ.